ಮಸಿಯ ಮೇಲೆ ಒಂಬತ್ತು ಗೆರೆ

ಹೋದ ವಾರ ಯಾದಗಿರಿಯ ನಮ್ಮ ಓಣಿಯಲ್ಲಿ, ಪಕ್ಕದ ಮನೆಯ ಕೂಸಿಗೆ ಅದರ ಅಜ್ಜಿ ಕಾಡಿಗೆ ಮಾಡುತ್ತಿದ್ದಳು. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಾಟು ಬೋರಲು ಹಾಕಿದ್ದಳು. ಹಿಡಿದ ಮಸಿಯನ್ನು ನನಗೆ ತೋರಿಸಲೆಂದು ತಾಟು ತಿರುವಿದಳು. ಮಸಿಯ ವಾಸನೆ ಮೂಗಿಗೆ ಬಡಿಯಿತು. ನನಗೇ ತಿಳಿಯದ ಹಾಗೆ ನಾನು ಆ ಕಪ್ಪಿನ ಮೇಲೆ ಉಗುರಿನಿಂದ ಒಂದು ಗೆರೆ ಎಳೆದುಬಿಟ್ಟಿದ್ದೆ.

"ಅಯ್ಯ, ಯಾಕ್ರಿ ಅಕ್ಕೋರ, ಕೆಡಿಸಿಬಿಟ್ರೆಲ್ಲ!" ಎಂದಳು ಅಜ್ಜಿ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಬಹಳ ವರ್ಷಗಳ ಹಿಂದೆ ಒಬ್ಬರು ಮಸಿ ಹಿಡಿಸಿದ ಕಾಗದವನ್ನೂ ನಾನು ಹೀಗೆಯೇ ಕೆಡಿಸಿದ್ದೆ. ಆಗ ತಿಳಿಯದೆ ಅಲ್ಲ, ತಿಳಿದೇ ಕೆಡಿಸಿದ್ದೆ.

ಅವರು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು. ಶಹಾಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯ ಹಳ್ಳಿ ಅದು. ಕೃಷ್ಣೆಯ ನೀರು ತರುವ ಕೆನಾಲನ್ನು ಅಗೆಯುತ್ತಿದ್ದ ಕಾಲ. ಊರಿನ ಪಕ್ಕದಲ್ಲಿ ಗುಡ್ಡದ ಬಂಡೆ ಅಡ್ಡ ಬಂದಿತ್ತು. ಗುತ್ತೇದಾರರ ಕಡೆಯವರು ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಹಾರಿಸುತ್ತಿದ್ದರು. ಊರಿನ ಮಂದಿ ಅದನ್ನು 'ಸುರಂಗ' ಎನ್ನುತ್ತಿದ್ದರು. ದಿನಾ ಮಧ್ಯಾಹ್ನ ಒಂದು ಗಂಟೆಯ ಮೇಲೆ ಸೀಟಿ ಊದುತ್ತಿತ್ತು, ನಂತರ ಸುರಂಗ ಹಾರುತ್ತಿತ್ತು. ಊಟದ ಡಬ್ಬಿಯೊಳಗಿನ ಚಟ್ನಿಪುಡಿಯ ಮೇಲೂ ಕಲ್ಲಿನ ಧೂಳು ಬಂದು ಕೂರುತ್ತಿತ್ತು.

ನನಗೆ ಅದು ಮೊದಲ ನೌಕರಿ. ಕನ್ನಡ ಕಲಿಸುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಿಕ್ಷಕರ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಮಾಸ್ತರರಿಗೆ ಆಗ ಐವತ್ತರ ಹತ್ತಿರ ಹತ್ತಿರ ವಯಸ್ಸು, ಸುರಪುರದ ಕಡೆಯವರು. ಸಣ್ಣವರಿದ್ದಾಗ ಬಂದ ಜ್ವರದಲ್ಲಿ ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಹೋಗಿತ್ತು. ಮಾತಾಡುವವರ ಬಾಯಿಯನ್ನೇ ನೋಡುತ್ತ, ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಿದ್ದರು. ಇಂಥ ಮನುಷ್ಯನಿಗೆ ಜಗತ್ತಿನಲ್ಲಿ ಇದ್ದ ಒಂದೇ ಹುಚ್ಚೆಂದರೆ ಸಪ್ಪಳದ್ದು. ಅದೂ ಯಾರ ಕಿವಿಗೂ ಕೇಳದ ಸಪ್ಪಳದ್ದು.

ಸೆಕೆಂಡಿಗೆ ಇಪ್ಪತ್ತು ಸಲಕ್ಕಿಂತ ನಿಧಾನವಾಗಿ ಗಾಳಿ ನಡುಗಿದರೆ ಅದು ಮನುಷ್ಯನ ಕಿವಿಗೆ ಕೇಳುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಗುಡುಗು, ಭೂಕಂಪ, ಸಮುದ್ರದ ತೆರೆ, ಸುರಂಗ, ಎಲ್ಲದರಲ್ಲೂ ಅಂಥ ಸಪ್ಪಳ ಇರುತ್ತದೆ. ಸಣ್ಣ ಚೂಪು ಸಪ್ಪಳಗಳನ್ನು ಗಾಳಿ ಹಾದಿಯಲ್ಲೇ ತಿಂದು ಮುಗಿಸುತ್ತದೆ. ಈ ನಿಧಾನದ ಸಪ್ಪಳವನ್ನು ಅದು ಸುಲಭಕ್ಕೆ ತಿನ್ನಲಾರದು. ಹಾಗಾಗಿ ಅದು ದೂರ ಹೋಗುತ್ತದೆ. ಅಡ್ಡ ಅಷ್ಟೇ ಅಲ್ಲ, ಮೇಲಕ್ಕೂ ಹೋಗುತ್ತದೆ.

ಒಂದು ದಿನ ಶಾಲೆಯ ಜವಾನನ ಎತ್ತಿನ ಚಾಟಿ ತರಿಸಿ ನನಗೆ ತಿಳಿಸಿಕೊಟ್ಟಿದ್ದರು. ಜವಾನನೂ ನಾನೂ ಬೇವಿನ ಮರದ ಕೆಳಗೆ ನಿಂತಿದ್ದೆವು.

"ನೋಡ್ರಿ ಅಕ್ಕೋರ, ಹಿಡಿಕಿ ಕಡೆ ದಪ್ಪ, ತುದಿಗಿ ಸಣ್ಣ. ಇಲ್ಲಿ ನನ್ನ ಕೈ ಇಷ್ಟ ಅಲ್ಲಾಡ್ತದ, ಅಲ್ಲಿ ತುದಿ ಆಳೆತ್ತರ ಹಾರ್ತದ. ಗಾಳಿನೂ ಹಂಗ. ಕೆಳಗ ದಪ್ಪ, ಮ್ಯಾಲ ಹೋದಂಗ ತೆಳು. ಇಲ್ಲಿ ಕೂದಲೆಳಿಯಷ್ಟು ಅಲ್ಲಾಡಿದ್ದು ಮ್ಯಾಲ ಹೋಗ್ತಾ ಹೋಗ್ತಾ ದೊಡ್ಡದಾಗ್ತದ."

"ಆಮ್ಯಾಲ ಏನಾಗ್ತದ್ರಿ?" ಎಂದು ಜವಾನ ಕೇಳಿದ.

"ಆಮ್ಯಾಲ ಅದನ್ನ ತಡಕೊಳ್ಳಾಕ ಅಲ್ಲಿ ಗಾಳಿನ ಸಾಲಂಗಿಲ್ಲ. ನೂರು ಕಿಲೋಮೀಟರ್ ಮ್ಯಾಲ ಅಲಿ ಒಡದು ಕಾವಾಗ್ತದ. ನಮ್ಮ ಊರಾಗಿನ ಸುರಂಗ ಮುಗಲಿನ ತುದಿ ಗಾಳಿನ ಎಳ್ಳಷ್ಟು ಕಾಸ್ತದೋ ಮಾರಾಯ! ರೇಡಿಯೋದ ಅಲಿ ಬಡದು ಹೊಳ್ಳಿ ಬರತದಲ್ಲ, ಆ ಪದರಾನೂ ಅಲ್ಲಾಡ್ತದ."

ಎಲ್ಲವೂ ಅಷ್ಟು ಮೇಲಕ್ಕೆ ಹೋಗಿ ಸಾಯುವುದಿಲ್ಲವಂತೆ. ಅದಕ್ಕಿಂತ ಕೆಳಗೆ, ಐವತ್ತು ಕಿಲೋಮೀಟರ್ ಸುತ್ತಮುತ್ತ ಬೆಚ್ಚನೆಯ ಗಾಳಿಯ ಪದರವೊಂದಿದೆ. ಮೇಲೆ ಗಾಳಿಯ ಓಟ ಸರಿಯಿದ್ದರೆ ಕೆಲವು ಅಲೆಗಳು ಅಲ್ಲಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತವೆ. ಇಲ್ಲಿ ಹಾರಿದ ಸುರಂಗದ ಅಲೆ ಸೊಲ್ಲಾಪುರದ ಆಚೆ ಎಲ್ಲೋ ಇಳಿಯಬಹುದು. ನಡುವಿನ ಊರುಗಳಿಗೆ ಏನೂ ತಿಳಿಯುವುದಿಲ್ಲ. ಹಾಗಿದ್ದರೆ ಅಲ್ಲೆಲ್ಲೋ ಎದ್ದದ್ದು ಇಲ್ಲಿಯೂ ಇಳಿಯಬೇಕಲ್ಲ? ಅದನ್ನು ಹಿಡಿಯಬೇಕು... ಇದು ಅವರ ಆಸೆ.

ಹಿಡಿಯಲು ಅವರೇ ಒಂದು ಯಂತ್ರ ಮಾಡಿದ್ದರು. ದೊಡ್ಡದೊಂದು ಎಣ್ಣೆಯ ಡಬ್ಬಿ. ಅದರ ಬಾಯಿಗೆ ಬಿಗಿದ ಬಲೂನಿನ ರಬ್ಬರು. ರಬ್ಬರಿಗೆ ಅಂಟಿಸಿದ ಕಸಬರಿಗೆಯ ಕಡ್ಡಿ. ಗಾಳಿ ನಡುಗಿದರೆ ರಬ್ಬರು ನಡುಗಿ, ಕಡ್ಡಿಯ ತುದಿ ಮೇಲೆ ಕೆಳಗೆ ಆಡುತ್ತಿತ್ತು. ಎದುರಿಗೆ ಹಾಲಿನ ಪುಡಿಯ ಡಬ್ಬಿಯೊಂದು ಹಳೆಯ ಗಡಿಯಾರದ ಮುಳ್ಳಿಗೆ ಸೇರಿ ತಾಸಿಗೊಂದು ಸುತ್ತು ತಿರುಗುತ್ತಿತ್ತು. ಅದಕ್ಕೆ ನುಣುಪು ಕಾಗದ ಸುತ್ತಿ, ಸೀಮೆಎಣ್ಣೆಯ ಚಿಮಣಿಯ ಹೊಗೆ ಹಿಡಿಸಿ ಕಪ್ಪು ಮಾಡುತ್ತಿದ್ದರು. ಕಡ್ಡಿ ಆ ಮಸಿಯನ್ನು ಗೀರಿದಲ್ಲಿ ಬಿಳಿಯ ಗೆರೆ ಮೂಡುತ್ತಿತ್ತು. ದಿನಾ ಊಟದ ಬಿಡುವಿನ ಒಂದು ತಾಸು ಯಂತ್ರ ಓಡುತ್ತಿತ್ತು. ಆಮೇಲೆ ಮಸಿ ಉದುರದಂತೆ ಕಾಗದಕ್ಕೆ ಬಡಗಿಯ ಪಾಲಿಶ್ ಹಚ್ಚಿ ಒಣಗಿಸಿ, ಮೂಲೆಯಲ್ಲಿ ದಿನಾಂಕ ಬರೆಯುತ್ತಿದ್ದರು. ಪ್ರತಿದಿನದ ಸುರಂಗದ ಗೆರೆ ಎಷ್ಟು ಎತ್ತರ ಎದ್ದಿದೆ ಎಂದು ಅಳೆದು, ಗೋಡೆಗೆ ಅಂಟಿಸಿದ ಒಂದು ದೊಡ್ಡ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದರು.

ಶಿಕ್ಷಕರ ಕೋಣೆಗೆ ಇದೆಲ್ಲ ದೊಡ್ಡ ತಮಾಷೆ. ದೈಹಿಕ ಶಿಕ್ಷಣದ ಸರ್ ಅಂತೂ ದಿನಾ ಒಂದು ಮಾತು ತೆಗೆಯುತ್ತಿದ್ದರು. "ಮಾಸ್ತರ, ನಿನ್ನಿ ನಾ ಮೂಲಂಗಿ ಪಲ್ಯ ತಿಂದಿದ್ದೆ. ಮ್ಯಾಲಿನ ಗಾಳಿ ಏನಾರ ಕಾದದೇನ್ರಿ?" ಎಲ್ಲರೂ ನಗುತ್ತಿದ್ದರು. ಮಾಸ್ತರರಿಗೆ ಪೂರ್ತಿ ಕೇಳಿಸದೆ, ಎಲ್ಲರೂ ನಗುತ್ತಿರುವುದನ್ನು ನೋಡಿ ತಾವೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಕೋಣೆಯಲ್ಲಿ ನನಗೆ ಒಂದು ಕುರ್ಚಿ ಬೇಕಾಗಿತ್ತು. ನಕ್ಕರೆ ಅದು ಸಿಗುತ್ತಿತ್ತು.

ಯಂತ್ರ ಇದ್ದದ್ದು ಹಿಂದಿನ ಪಡಸಾಲೆಯ ಸಾಮಾನು ಕೋಣೆಯಲ್ಲಿ. ಅದಕ್ಕೆ ಹಳೆಯ ಕಾಲದ ಭಾರವಾದ ತೇಗದ ಬಾಗಿಲು. ಒಂದು ಮಧ್ಯಾಹ್ನ ಸುರಂಗ ಹಾರಿ ಅರ್ಧ ತಾಸು ಆಗಿತ್ತು. ಮಾಸ್ತರರು ಬೇವಿನ ಕೆಳಗೆ ಊಟ ಮಾಡುತ್ತಿದ್ದರು. ದೈಹಿಕ ಶಿಕ್ಷಣದ ಸರ್ ನನಗೆ ಕಣ್ಣು ಹೊಡೆದು, "ಬರ್ರಿ, ಮುಗಲಿಂದ ಒಂದ್ ಸಪ್ಪಳ ಇಳಿಸೋಣು" ಎಂದು ಕರೆದೊಯ್ದು ಆ ಬಾಗಿಲನ್ನು ಧಡ್ ಎಂದು ಬಡಿದರು. ಕಡ್ಡಿ ಜಿಗಿಯಿತು. ಮಸಿಯ ಮೇಲೆ ಒಂದು ಬಿಳಿ ಹಲ್ಲು ಮೂಡಿತು.

ಅಂದು ಸಂಜೆ ಆ ಕಾಗದ ಹಿಡಿದುಕೊಂಡು ಮಾಸ್ತರರು ನನ್ನ ಹತ್ತಿರವೇ ಬಂದರು.

"ಅಕ್ಕೋರ, ಒಂದೂ ನಲವತ್ತಕ್ಕ ನಿಮಗೇನಾರ ಸಪ್ಪಳ ಕೇಳ್ತೇನ್ರಿ?"

"ಇಲ್ರೆಲ್ಲ ಸರ್" ಎಂದೆ.

"ಯಾರಿಗೂ ಕೇಳಿಲ್ಲ! ಆದ್ರ ಇಲ್ಲಿ ಬಂದದ ನೋಡ್ರಿ." ಆಮೇಲೆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ತಾವೇ ಅನುಮಾನಪಟ್ಟರು. "ಗೆರಿ ಭಾಳ ಚೂಪ ಅದ. ದೂರದಿಂದ ಬಂದದ್ದು ಇಷ್ಟು ಚೂಪ ಇರಬಾರದು. ಮೆತ್ತಗ ಏರಿ ಮೆತ್ತಗ ಇಳೀಬೇಕು..."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮರುದಿನ ನಾನೊಬ್ಬಳೇ ಹೋದೆ. ಯಾರೂ ಕರೆದಿರಲಿಲ್ಲ. ಬಾಗಿಲನ್ನು ಬಡಿಯಲಿಲ್ಲ, ಎರಡೂ ಕೈಯಿಂದ ಹಿಡಿದು ಮೆತ್ತಗೆ ಒಳಕ್ಕೆ ದೂಡಿ, ಮೆತ್ತಗೆ ಹೊರಕ್ಕೆ ಎಳೆದೆ. ಕಡ್ಡಿ ಮೆತ್ತಗೆ ಏರಿ ಮೆತ್ತಗೆ ಇಳಿಯಿತು. ಅವರು ಬಯಸಿದ ಹಾಗೆಯೇ ಗೆರೆ ಮೂಡಿತು.

ಮೂರು ವಾರಗಳಲ್ಲಿ ಒಂಬತ್ತು ಸಲ ಆ ಆಟ ನಡೆಯಿತು. ಮೊದಲನೆಯದು ದೈಹಿಕ ಶಿಕ್ಷಣದ ಸರ್ ಅವರದು, ಉಳಿದ ಎಂಟೂ ನನ್ನವು. ಅವರ ಮುಖ ನೋಡುವುದು ನನಗೆ ಚಟವಾಗಿತ್ತು. ಕಲಾಯಿ ಹಾಕಿದ ಪಾತ್ರೆಯಂತೆ ಹೊಳೆಯುತ್ತಿತ್ತು ಆ ಮುಖ. ಕ್ಲಾಸಿಗೆ ಹಾಡು ಗುನುಗುತ್ತ ಹೋಗುತ್ತಿದ್ದರು, ಅದೂ ಅಪಸ್ವರದಲ್ಲಿ. ಹೆಂಡತಿಯ ಕೈಯಿಂದ ನನಗೆಂದೇ ಎಣ್ಣೆಗಾಯಿ ಮಾಡಿಸಿ ತಂದರು, ಏಕೆಂದರೆ ಅವರ ಮಾತನ್ನು ಕೂತು ಕೇಳುವವಳು ನಾನೊಬ್ಬಳೇ. ಸುರಂಗದ ಗೆರೆ ಅಳೆದು ಚುಕ್ಕಿ ಇಡುವುದನ್ನು ಬಿಟ್ಟರು. ಗೋಡೆಯ ಮೇಲಿನ ಹಾಳೆ ಅರ್ಧಕ್ಕೇ ನಿಂತಿತು. ಸುರಂಗ ಯಾರಿಗೆ ಬೇಕು, ಮುಗಿಲಿನಿಂದ ಬಾಗಿ ಇಳಿದ ಅಲೆ ಸಿಕ್ಕಿದೆ ಎಂಬ ಖುಷಿಯಲ್ಲಿ ಅದುವರೆಗಿನ ಕಾಗದಗಳ ಪ್ರತಿ ತೆಗೆದು ದೂರದ ಊರಿನ ಒಬ್ಬ ವಿಜ್ಞಾನಿಗೆ ಅಂಚೆಯಲ್ಲಿ ಕಳಿಸಿದರು. ಅದು ತಿಳಿದ ದಿನ ನನಗೆ ಹೆದರಿಕೆಯಾಯಿತು. ಆಟ ನಿಲ್ಲಿಸಿದೆ. ಹೇಳಲಿಲ್ಲ.

ಅದಾಗಿ ಒಂದು ವಾರಕ್ಕೆ ಆ ದಿನ ಬಂತು.

ಸೀಟಿ ಊದಿತು. ನಾನು ಶಿಕ್ಷಕರ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಸುರಂಗ ಹಾರಿದಾಗ ನೆಲದ ಶಹಾಬಾದಿ ಕಲ್ಲು ಕಾಲಡಿ ಎದ್ದು ಕೂತಂತೆ ಆಯಿತು. ಕಪಾಟಿನ ಗಾಜು ಒಡೆಯಿತು. ಅಂಥ ಸಪ್ಪಳ ಅದುವರೆಗೂ ಕೇಳಿರಲಿಲ್ಲ. ಜವಾನ ಎಂದಿನ ಹಾಗೆ ಗಂಟೆ ಹೊಡೆಯುವ ಕಟ್ಟಿಗೆಯ ಕೊಡತಿ ಹಿಡಿದುಕೊಂಡು ಗಂಟೆಯ ಹತ್ತಿರ ಕೂತಿದ್ದ. ಅಷ್ಟರಲ್ಲಿ ಕೆನಾಲಿನ ಬದಿಯ ಕೇರಿಯಿಂದ ಒಬ್ಬ ಹೆಂಗಸು ಎದೆ ಬಡಿದುಕೊಳ್ಳುತ್ತ ಓಡಿಬಂದು ಅವನ ಹೆಸರು ಹಿಡಿದು ಕೂಗಿದಳು. ಅವನು ಕೊಡತಿ ಹಿಡಿದುಕೊಂಡೇ ಓಡಿದ.

ನಾವು ಹೋಗುವಷ್ಟರಲ್ಲಿ ಅವನ ಮನೆಯ ಗೋಡೆ ಕುಸಿದು, ಮೇಲ್ಚಾವಣಿಯಾದ ಮಣ್ಣಿನ ಮಾಳಿಗೆ ಪೂರ್ತಿ ಕೆಳಗೆ ಕೂತಿತ್ತು. ಒಳಗೆ ಅವನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳಂತೆ. ಅವನು ಗಂಟೆ ಹೊಡೆಯುವ ಅದೇ ಕೊಡತಿಯಿಂದ ಮಣ್ಣು ಬಗೆಯುತ್ತಿದ್ದ. ಯಾರೋ ಸಲಿಕೆ ತಂದುಕೊಟ್ಟರೂ ತೆಗೆದುಕೊಳ್ಳಲಿಲ್ಲ. ಅವಳನ್ನು ಹೊರಗೆ ತೆಗೆದಾಗ ಕೈಯಲ್ಲಿ ಮೊರ ಹಾಗೆಯೇ ಇತ್ತು. ಬಾಯಿ ತುಂಬ ಮಣ್ಣು...

ಶಾಲೆಗೆ ಮರಳಿದಾಗ ಮಾಸ್ತರರು ಸಾಮಾನು ಕೋಣೆಯಲ್ಲಿ ನಿಂತಿದ್ದರು. ಆ ದಿನದ ಗೆರೆ ಕಾಗದದ ಅಂಚು ದಾಟಿ ಹೋಗಿತ್ತು. ಹಿಂದಿನ ದಿನಗಳ ಗೆರೆಗಳಿಗಿಂತ ಮೂರು ಪಟ್ಟಾದರೂ ಎತ್ತರ. ಅವರು ನನ್ನ ಕಡೆ ತಿರುಗಿ, "ಇವ್ರು ಮದ್ದು ಹೆಚ್ಚ ಹಾಕ್ಯಾರ ಅಕ್ಕೋರ. ಕಾಗದ ಹೇಳ್ತದ" ಎಂದರು.

ಗುತ್ತೇದಾರರ ಕಡೆಯವರು ಬೇರೆಯೇ ಹೇಳಿದರು. ದಿನಾ ಹಾಕುವಷ್ಟೇ ಮದ್ದು ಹಾಕಿದ್ದೆವು, ಮನೆ ಹಳೆಯದು, ಗೋಡೆ ಮೊದಲೇ ನೆನೆದು ಹಾಳಾಗಿತ್ತು, ಕೇರಿಯ ಮಂದಿ ಅಳುತ್ತ ಹೇಳುವ 'ದೊಡ್ಡ ಸಪ್ಪಳ'ಕ್ಕೆ ಲೆಕ್ಕವೇನು ಎಂದರು. ಆ ಮಾತಿಗೆ ಎದುರು ನಿಲ್ಲುವ ವಸ್ತು ಊರಿನಲ್ಲಿ ಒಂದೇ ಇತ್ತು, ಮಾಸ್ತರರ ಮಸಿ ಕಾಗದ. ಅದನ್ನು ಅಧಿಕಾರಿಗಳು ಒಪ್ಪಿದರೆ ಕೇರಿಯ ಹತ್ತಿರ ಸುರಂಗ ನಿಲ್ಲುತ್ತಿತ್ತು, ಉಳಿದ ಬಂಡೆಯನ್ನು ಕೈಯಿಂದ ಒಡೆಯಬೇಕಾಗುತ್ತಿತ್ತು. ಸತ್ತವಳ ಸಾವಿಗೆ ಅವಳ ಹಳೆಯ ಮನೆಯೇ ಕಾರಣ ಎಂದು ಬರೆಯಲು ಆಗುತ್ತಿರಲಿಲ್ಲ.

ಹತ್ತು ದಿನಕ್ಕೆ ನಮ್ಮ ಶಾಲೆಯಲ್ಲೇ ವಿಚಾರಣೆ ನಡೆಯಿತು. ಹಿಂದಿನ ದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಹೇಳಿದ್ದರು: "ನಿಮ್ದು ಇನ್ನಾ ಕಾಯಂ ಆಗಿಲ್ಲ, ನೆನಪಿರ್ಲಿ. ಎಷ್ಟು ಕೇಳ್ತಾರ, ಅಷ್ಟ ಹೇಳ್ರಿ. ಹೆಚ್ಚಿಂದು ಬ್ಯಾಡ." ದೈಹಿಕ ಶಿಕ್ಷಣದ ಸರ್ ಬಾಗಿಲಿನ ಆಟವನ್ನು ಗುತ್ತೇದಾರರ ಮ್ಯಾನೇಜರನಿಗೆ ಚಹಾದ ಅಂಗಡಿಯಲ್ಲಿ ನಗುತ್ತ ಹೇಳಿಬಿಟ್ಟಿದ್ದರೆಂದು ನನಗೆ ಆಗಲೇ ತಿಳಿದಿತ್ತು.

ತಾಲ್ಲೂಕಿನಿಂದ ಬಂದ ಅಧಿಕಾರಿ ಒಳ್ಳೆಯ ಮನುಷ್ಯನ ಹಾಗೆ ಕಂಡರು. ಮಾಸ್ತರರ ಯಂತ್ರವನ್ನು ಬಾಗಿ ನೋಡಿದರು. ಕಾಗದವನ್ನು ಬೆಳಕಿಗೆ ಹಿಡಿದರು. ಕೇರಿಯ ಮಂದಿ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದರು. ಜವಾನ ಗೋಡೆಗೆ ಒರಗಿ ಕೆಳಗೆ ಕೂತಿದ್ದ. ಆಗ ಆ ಮ್ಯಾನೇಜರ್ ಎದ್ದು, "ಸಾಹೇಬ್ರ, ಈ ಡಬ್ಬಿ ಬಾಗ್ಲಾ ಬಡದ್ರೂ ಗೆರಿ ಹೊಡೀತದ್ರಿ. ಬೇಕಾದ್ರ ಇಲ್ಲಿ ಕನ್ನಡದ ಅಕ್ಕೋರನ್ನ ಕೇಳ್ರಿ" ಎಂದ.

ಅಧಿಕಾರಿ ನನ್ನ ಕಡೆ ನೋಡಿದರು. "ಹೌದೇನಮ್ಮಾ?"

"ಹೌದ್ರಿ."

"ನೀವು ಹಾಗೆ ಬಡಿದದ್ದು ಉಂಟೇ?"

"ಹೌದ್ರಿ."

"ಇವರಿಗೆ ಗೊತ್ತಿತ್ತೇ?"

"ಇಲ್ರಿ."

ಮಾಸ್ತರರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಎಂದಿನ ಹಾಗೆ ತಲೆ ವಾಲಿಸಿಕೊಂಡು. ಮೊದಲು ತಿಳಿಯಲಿಲ್ಲ ಅನ್ನಿಸುತ್ತದೆ. ಆಮೇಲೆ ತಿಳಿಯಿತು. ಆ ಮುಖದಲ್ಲಿದ್ದ ಹೊಳಪು ಇಳಿದುಹೋಗುವುದನ್ನು ಇಡೀ ಸಭೆ ನೋಡಿತು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಮುಗಿಲಿನಿಂದ ಇಳಿದ ಅಲೆ ಬಾಗಿಲಿನದೆಂದು ಅವರಿಗೆ ಗೊತ್ತಾದದ್ದು ಹಾಗೆ, ಅಷ್ಟು ಮಂದಿಯ ಎದುರು.

ಆದರೆ ಅವರು ಅದಕ್ಕೆ ಅಳಲಿಲ್ಲ, ಬೈಯಲಿಲ್ಲ. ಒಂದು ಗುಟುಕು ನೀರು ಕುಡಿದು, ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರು. "ಯಾವ್ಯಾವ ದಿನ ಅಕ್ಕೋರ?"

ಆ ಪ್ರಶ್ನೆಯ ಬೆಲೆ ನನಗೆ ತಕ್ಷಣ ತಿಳಿಯಿತು. ಕಾಗದಗಳ ಮೇಲೆ ದಿನಾಂಕ ಇದ್ದವು. ಆ ಒಂಬತ್ತು ದಿನ ಹೇಳಿದ್ದರೆ ಅವನ್ನು ಬೇರೆ ಇಟ್ಟು, ಉಳಿದ ಕಾಗದಗಳನ್ನು ನಂಬಬಹುದಿತ್ತು. ಮಾಳಿಗೆ ಬಿದ್ದ ದಿನದ್ದನ್ನೂ ನಂಬಬಹುದಿತ್ತು. ಒಂಬತ್ತೂ ದಿನ ನನಗೆ ಬಾಯಿಪಾಠ ಇದ್ದವು. ಆದರೆ ಅವನ್ನು ಒಂದೊಂದಾಗಿ ಹೇಳುವುದೆಂದರೆ, ಒಂದು ಸಲ ತಮಾಷೆಗೆ ಬಡಿದವಳಲ್ಲ, ಮೂರು ವಾರ ಕಿವುಡನೊಬ್ಬನ ಬೆನ್ನ ಹಿಂದೆ ಕಾದು ಕೂತು ಮಾಡಿದವಳು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಮುಖ್ಯೋಪಾಧ್ಯಾಯರು ನನ್ನನ್ನೇ ನೋಡುತ್ತಿದ್ದರು.

"ನೆನಪಿಲ್ರಿ" ಎಂದೆ.

ಅಧಿಕಾರಿ ಕಾಗದಗಳನ್ನು ಒಟ್ಟು ಮಾಡಿ ಮಾಸ್ತರರ ಕೈಗೆ ವಾಪಸು ಕೊಟ್ಟರು. "ಪಾಪ, ಶ್ರಮ ಪಟ್ಟಿದ್ದೀರಿ" ಎಂದರು.

ಯಂತ್ರ ನಂಬಲು ತಕ್ಕದ್ದಲ್ಲ, ಮನೆ ಹಳೆಯದಾಗಿ ಬಿದ್ದಿದೆ ಎಂದು ವರದಿಯಾಯಿತು. ಸುರಂಗ ನಿಲ್ಲಲಿಲ್ಲ. ಬೇಸಿಗೆ ಪೂರ್ತಿ ಹಾರಿತು. ಕೇರಿಯ ಮಂದಿ ಮೈಮೇಲೆ ಬೀಳುತ್ತವೆಂಬ ಹೆದರಿಕೆಗೆ ತಮ್ಮ ಮಾಳಿಗೆಗಳನ್ನು ತಾವೇ ಕಿತ್ತು ಕೆಳಗಿಳಿಸಿ, ಆ ಯಾದಗಿರಿ ಸೀಮೆಯ ಬಿಸಿಲಿನಲ್ಲಿ ತಾಡಪತ್ರಿಯ ಕೆಳಗೆ ಮಕ್ಕಳನ್ನು ಮಲಗಿಸಿದರು. ಒಂದು ಕೂಸು ಬಿಸಿಲು ಬಡಿದು ಹೋಯಿತು. ಅದಕ್ಕೆ ವಿಚಾರಣೆಯೂ ಆಗಲಿಲ್ಲ.

ಊರು ಮಾಸ್ತರರನ್ನು ಸುಮ್ಮನೆ ಬಿಡಲಿಲ್ಲ. ಅವರು ಹಾದಿಯಲ್ಲಿ ಹೋದರೆ ಜನ ಮನೆಯ ಬಾಗಿಲು ಬಡಿಯುತ್ತಿದ್ದರು. ಕಿರಾಣಿ ಅಂಗಡಿಯವನು ಅವರನ್ನು ಕಂಡರೆ ಬಾಗಿಲಿನ ಹಲಗೆಯನ್ನು ಧಡ್ ಎಂದು ಎತ್ತಿ ಹಾಕುತ್ತಿದ್ದ. "ಮ್ಯಾಲಿನ ಗಾಳಿ ಕಾದದೇನ್ರಿ ಮಾಸ್ತರ?" ಅವರಿಗೆ ಸಪ್ಪಳ ಸರಿಯಾಗಿ ಕೇಳುತ್ತಿರಲಿಲ್ಲ. ಆದರೆ ಬಾಗಿಲು ಬಡಿದಾಗ ಮುಖಕ್ಕೆ ತಾಗುವ ಗಾಳಿ ತಿಳಿಯುತ್ತಿತ್ತು. ಒಮ್ಮೆ ಕಣ್ಣು ಮುಚ್ಚಿ ತೆರೆದು ಮುಂದೆ ನಡೆಯುತ್ತಿದ್ದರು. ತಾವೇ ಕೇಳಿಕೊಂಡು ವರ್ಗ ಮಾಡಿಸಿಕೊಂಡರು. ಹುಕುಂ ಬಂದ ಮೇಲೂ ಒಂದು ತಿಂಗಳು ಹೋಗದೆ ಉಳಿದರು. ದಿನಾ ಊಟದ ಬಿಡುವಿನಲ್ಲಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಮಾತಿಲ್ಲ. ಯಂತ್ರವಿಲ್ಲ. ನನ್ನ ಮುಖ ನೋಡುತ್ತ ಕೂರುತ್ತಿದ್ದರು, ಅಷ್ಟೇ. ನನ್ನನ್ನು ನಾಚಿಸಲೆಂದೇ ಕೂರುತ್ತಾರೆ ಎಂದುಕೊಂಡು ನಾನು ಡಬ್ಬಿಯಿಂದ ತಲೆ ಎತ್ತುತ್ತಿರಲಿಲ್ಲ. ಜವಾನ ಇಬ್ಬರಿಗೂ ನೀರು ತಂದಿಡುತ್ತಿದ್ದ.

ಅವರು ಊರು ಬಿಡುವ ದಿನ ಅವರ ಹೆಂಡತಿ ನನ್ನ ಖೋಲಿಗೆ ಬಂದಿದ್ದರು. ಎಂದೋ ನಾನು ಕೊಟ್ಟು ಮರೆತ ಒಂದು ಡಬ್ಬಿ ಅವರ ಕೈಯಲ್ಲಿತ್ತು. ಖಾಲಿ ಡಬ್ಬಿ ಮರಳಿಸಬಾರದೆಂದು ಶೇಂಗಾ ಹೋಳಿಗೆ ತುಂಬಿ ತಂದಿದ್ದರು. ಹೊಸ್ತಿಲು ದಾಟಲಿಲ್ಲ.

"ಆ ಮೂರು ವಾರ ಮನ್ಯಾಗ ಭಾಳ ಖುಷಿ ಇದ್ರು ನೋಡ್ರಿ" ಎಂದರು. "ಲಗ್ನ ಆದಾಗಿಂದ ಅಷ್ಟು ಖುಷಿ ನಾ ನೋಡಿದ್ದಿಲ್ಲ. ಅದನ್ನ ಯಾಕ ಕೊಟ್ರೆವ್ವ?"

ನಾನು ಡಬ್ಬಿ ತೆಗೆದುಕೊಂಡೆ. ಹೋಳಿಗೆಯನ್ನು ತಿಂದೆ ಕೂಡ. ಹಸಿವಾಗಿತ್ತು.

ಅವರು ಹೋಗಿ ಎರಡು ವಾರಕ್ಕೆ ಆ ವಿಜ್ಞಾನಿಯ ಉತ್ತರ ಬಂತು, ಇಂಗ್ಲಿಷಿನಲ್ಲಿ. ಮುಖ್ಯೋಪಾಧ್ಯಾಯರು ಒಡೆದು ಅರ್ಧ ಓದಿ, "ತಗೋರಿ, ನಿಮ್ಮ ದೋಸ್ತಂದು" ಎಂದು ನನ್ನ ಕಡೆ ಎಸೆದರು. ಆ ಒಂಬತ್ತು ಗೆರೆಗಳನ್ನು ನೋಡಿದರೆ ಕೋಣೆಯ ಬಾಗಿಲು ಆಡಿದ್ದೆಂದು ತಿಳಿಯುತ್ತದೆ, ದಯವಿಟ್ಟು ಬಾಗಿಲಿಗೆ ಚಿಲಕ ಹಾಕಿರಿ ಎಂದು ಬರೆದಿದ್ದರು. ಅಂದರೆ ತಿಳಿದವರಿಗೆ ನನ್ನ ದಿನಾಂಕಗಳೂ ಬೇಕಿರಲಿಲ್ಲ. ಕಣ್ಣಿನಿಂದಲೇ ಬೇರೆ ಮಾಡಬಹುದಿತ್ತು. ಸುರಂಗದ ಗೆರೆಗಳು ಮಾತ್ರ ಬಹಳ ಚೆನ್ನಾಗಿವೆ, ಇಷ್ಟು ಸಾದಾ ಸಾಮಾನಿನಲ್ಲಿ ಇಷ್ಟು ಒಳ್ಳೆಯ ಕೆಲಸ ನಾನು ನೋಡಿಲ್ಲ ಎಂದಿದ್ದರು. ಕೊನೆಗೆ ಇನ್ನೊಂದು ಮಾತಿತ್ತು: ಈ ಗೆರೆಗಳು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿವೆ, ಮದ್ದು ಹೆಚ್ಚಿಸುತ್ತಿದ್ದಾರೆ ಅನ್ನಿಸುತ್ತದೆ, ಹತ್ತಿರ ಮಣ್ಣಿನ ಮನೆಗಳಿದ್ದರೆ ಸಂಬಂಧಪಟ್ಟವರಿಗೆ ಕೂಡಲೇ ತಿಳಿಸಿ.

ಗೋಡೆಯ ಮೇಲೆ ಅರ್ಧಕ್ಕೆ ನಿಂತ ಆ ಹಾಳೆ ನನ್ನ ಕಣ್ಣ ಮುಂದೆ ಬಂತು. ಚುಕ್ಕಿ ಇಡುತ್ತ ಹೋಗಿದ್ದರೆ ಮಾಸ್ತರರಿಗೇ ಅದು ಕಂಡಿರುತ್ತಿತ್ತು, ಆ ಹೆಂಗಸು ಬದುಕಿರುವಾಗಲೇ. ನಾನು ಎಳೆದ ಸುಳ್ಳು ಗೆರೆಗಳ ಬೆನ್ನು ಹತ್ತಿ ಅವರು ಖರೆ ಗೆರೆಗಳನ್ನು ಅಳೆಯುವುದನ್ನೇ ಬಿಟ್ಟಿದ್ದರು.

ಪತ್ರವನ್ನು ಅವರಿಗೆ ಕಳಿಸಬೇಕೆಂದು ಚೀಲದಲ್ಲಿ ಇಟ್ಟುಕೊಂಡೆ. ಅದರ ಜೊತೆ ನಾನೂ ಒಂದು ಸಾಲು ಬರೆಯಬೇಕಾಗಿತ್ತು. ಆ ಸಾಲು ಏನೆಂದು ಹೊಳೆಯಲಿಲ್ಲ. ನನ್ನ ಕೆಲಸ ಕಾಯಂ ಆಯಿತು, ವರ್ಗವಾಯಿತು, ಮದುವೆ, ಮಕ್ಕಳು... ಕೆನಾಲಿಗೆ ನೀರು ಬಂತು. ಮುತ್ತೈದೆಯರು ಬಾಗಿನ ಬಿಟ್ಟರು. ಬಿಳಿಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು.

ಕಾಡಿಗೆಯ ತಾಟನ್ನು ಮುಟ್ಟಿದ ಮರುದಿನ ಪತ್ರ ಹುಡುಕಿ ತೆಗೆದು ಬಸ್ಸು ಹತ್ತಿದೆ. ಆ ಊರಿನಲ್ಲಿ ನನ್ನನ್ನು ಗುರುತು ಹಿಡಿದವನು ಜವಾನನೊಬ್ಬನೇ. ಹಣ್ಣು ಹಣ್ಣು ಮುದುಕನಾಗಿದ್ದಾನೆ. ಕೆನಾಲಿನ ಬದಿಯ ಕಟ್ಟೆಯ ಮೇಲೆ ಕೂತಿದ್ದ. "ಬರ್ರಿ ಅಕ್ಕೋರ, ಕೂಡ್ರಿ" ಎಂದ. ಮಾಸ್ತರರು ಎಲ್ಲಿದ್ದಾರೆಂದು ಕೇಳಿದೆ.

"ಹೋಗಿ ಭಾಳ ವರ್ಷ ಆತ್ರಿ. ಸುರಪುರದಾಗ ತೀರ್ಕೊಂಡ್ರು. ಮಣ್ಣಿಗಿ ನಾ ಹೋಗಿದ್ದೆ."

ನಾನು ಅವನ ಪಕ್ಕದಲ್ಲಿ ಕೂತೆ. ಆಮೇಲೆ ನಾನು ಹೇಳಬೇಕಾದ್ದನ್ನು ಹೇಳಿದೆ. ಒಂಬತ್ತು ದಿನಗಳನ್ನೂ ಒಂದೊಂದಾಗಿ ಹೇಳಿದೆ. ಇನ್ನೂ ಬಾಯಿಪಾಠವಿದ್ದವು.

"ನನಗ ಗೊತ್ತಿತ್ರಿ" ಎಂದ ಅವನು. "ಗಂಟಿ ಹತ್ರ ಕೂಡಾವ ನಾನು. ನೀವು ಆ ಬಾಗ್ಲಾದ ಕಡೆ ಹೋಗೂದು ನೋಡ್ತಿದ್ದೆ. ಮಾಳಿಗಿ ಬಿದ್ದ ದಿನ ನೀವು ಹೋಗಿಲ್ಲ, ಅದೂ ನೋಡೀನಿ. ವಿಚಾರಣಿ ಆದ ಮ್ಯಾಲ ಮಾಸ್ತರಿಗಿ ಹೇಳ್ದೆ. ನಾ ಸಾಕ್ಷಿ ಹೇಳ್ತೀನ್ರಿ ಅಂದೆ. ನಿನ್ನ ಮಾತು ಯಾರ ನಂಬ್ತಾರಪಾ, ನೀನು ಸತ್ತಾಕಿ ಗಂಡ, ಅಕ್ಕೋರ ಬಾಯಿಂದನ ಬರಬೇಕು ಅಂದ್ರು. ಅದಕ್ಕ ಹುಕುಂ ಬಂದ್ರೂ ಹೋಗಲಿಲ್ಲ. ಒಂದ್ ತಿಂಗಳು ನಿಮ್ಮ ಎದ್ರಿಗಿ ಬಂದು ಕುಂತ್ರಲ್ಲ... ಇವತ್ತು ಹೇಳ್ತಾಳ, ನಾಳಿ ಹೇಳ್ತಾಳ, ಒಳ್ಳೆ ಹುಡುಗಿ ಅದ, ಅಂತಿದ್ರು."

ಕೆನಾಲಿನಲ್ಲಿ ನೀರು ತುಂಬಿ ಹರಿಯುತ್ತಿತ್ತು. ನಾನು ಚೀಲದಿಂದ ಪತ್ರ ತೆಗೆದೆ. ಇನ್ನು ಏನನ್ನೂ ಮುಚ್ಚಿಡಬಾರದೆಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಮಣ್ಣಿನ ಮನೆಗಳಿದ್ದರೆ ಕೂಡಲೇ ತಿಳಿಸಿ ಎಂಬ ಸಾಲನ್ನೂ ಓದಿದೆ. ಮಾಸ್ತರರಿಗೆ ಅದು ಯಾಕೆ ಕಾಣಲಿಲ್ಲ ಎಂಬುದನ್ನೂ ಹೇಳಿದೆ.

ಇಷ್ಟು ವರ್ಷ ಅವನು ಮದ್ದಿನವರನ್ನು ಬೈದುಕೊಂಡಿದ್ದ, ದೇವರನ್ನು ಬೈದುಕೊಂಡಿದ್ದ. ಹೆಂಡತಿ ಉಳಿಯಬಹುದಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಈ ಕಾಗದ ಬರೂದ್ರಾಗ ಆಕಿ ಹೋಗಿದ್ಲಲ್ರಿ?"

"ಹೌದು."

"ಮತ್ತ ಮಾಸ್ತರೂ ಇಲ್ಲ ಈಗ."

"ಇಲ್ಲ."

"ಮತ್ಯಾಕ ಓದಿದ್ರಿ ಅಕ್ಕೋರ, ನನ್ ಮುಂದ?"

ನಾನು ಪತ್ರವನ್ನು ಮಡಿಸಿದೆ. ಅವನು ಕೋಲು ಊರಿ ಎದ್ದು, ನನ್ನ ಕಡೆ ತಿರುಗಿ ನೋಡದೆ ಮನೆಯ ಕಡೆ ನಡೆದ. ಶಹಾಪುರದ ಬಸ್ಸು ಬರುವವರೆಗೂ ನಾನು ಆ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ.